ಶಾಖಾನಗರದ ಜನ

ಹಂಪೆಗೆ ಹೋಗಿಬಂದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ವಿರೂಪಾಕ್ಷನ ದರ್ಶನವಾಯಿತು, ಕಲ್ಲಿನ ರಥವನ್ನು ಕಂಡದ್ದಾಯಿತು, ತುಂಗಭದ್ರೆಯಲ್ಲಿ ಮಿಂದದ್ದಾಯಿತು ಎಂದು ಅವರೆಲ್ಲರೂ ಸಂತೋಷದಿಂದ ಹೇಳುತ್ತಾರೆ. ರೈಲಿನಿಂದ ಇಳಿದ ಹೊಸಪೇಟೆಯ ವಿಷಯವನ್ನು ಕೇಳಿದರೆ ಮಾತ್ರ, “ಅಲ್ಲೇನಿದೆ? ಕಾಫಿ ಕುಡಿದು ಬಸ್ಸು ಹತ್ತಿದೆವು” ಎಂಬ ಉತ್ತರ ಬರುತ್ತದೆ. ಕಲ್ಲುಗಳನ್ನು ನೋಡುವುದಕ್ಕಾಗಿ ಅಷ್ಟು ದೂರ ಹೋದವರು ಜನರನ್ನು ನೋಡದೆ ಹಿಂದಿರುಗುವುದು ವಿಷಾದದ ಸಂಗತಿಯಲ್ಲವೆ? ನಾನು ಆ ಸೀಮೆಯಲ್ಲಿ ಕೆಲವು ವರ್ಷ ಉಪಾಧ್ಯಾಯನಾಗಿದ್ದವನು. ನಿವೃತ್ತನಾದ ಮೇಲೆ ಈಚೆಗೆ ಹೊಸಪೇಟೆ, ಹಂಪೆ, ಕಂಪ್ಲಿ, ಸಂಡೂರುಗಳನ್ನು ಮತ್ತೊಮ್ಮೆ ಸುತ್ತಿ ಬಂದೆನು. ಅಲ್ಲಿ ಯಾರು ಯಾರು ವಾಸವಾಗಿದ್ದಾರೆ, ಎಲ್ಲಿಂದ ಬಂದವರು, ಏಕೆ ಬಂದವರು ಎಂಬುದನ್ನೇ ಈ ಲೇಖನದಲ್ಲಿ ವಾಚಕರ ಮುಂದಿಡುತ್ತೇನೆ.

ಸಂಸ್ಕೃತದಲ್ಲಿ ಶಾಖಾನಗರವೆಂಬ ಒಂದು ಶಬ್ದವುಂಟು. ಮೂಲನಗರಕ್ಕಿಂತ ಬೇರೆಯಾದ ಪುರಕ್ಕೆ ಅಮರಸಿಂಹನು ತನ್ನ ಕೋಶದ ಪುರವರ್ಗದಲ್ಲಿ ಈ ಹೆಸರನ್ನು ಹೇಳಿದ್ದಾನೆ. ಈಗಿನವರು ಉಪನಗರವೆನ್ನುತ್ತಾರೆ. ಮರಕ್ಕೆ ಕೊಂಬೆ ಹೇಗೋ ಮೂಲನಗರಕ್ಕೆ ಶಾಖಾನಗರವು ಹಾಗೆ. ಹೊಸಪೇಟೆಯು ವಿಜಯನಗರಕ್ಕೆ ಇಂಥ ಒಂದು ಶಾಖೆಯಾಗಿದ್ದಿತು. ೧೫೬೫ರಲ್ಲಿ ರಕ್ಕಸತಂಗಡಿಯ ಯುದ್ಧವಾಗಿ ಮೂಲನಗರವು ಹಾಳಾಯಿತು. ಶಾಖೆ ಮಾತ್ರ ಉಳಿದುಕೊಂಡಿತು. ಬುಡ ಕಡಿದ ಮೇಲೂ ಕೊಂಬೆ ಬದುಕಬೇಕಾದರೆ ಅದು ಆಲದ ಕೊಂಬೆಯಾಗಿರಬೇಕು. ತನ್ನ ಬಿಳಲುಗಳನ್ನು ತಾನೇ ನೆಲಕ್ಕೆ ಇಳಿಸಿರಬೇಕು. ಹೊರಗಿನಿಂದ ಬಂದು ನೆಲೆನಿಂತ ಜನರೇ ಆ ಬಿಳಲುಗಳೆಂದು ನನ್ನ ಅಭಿಪ್ರಾಯ.

ಹೊಸಪೇಟೆಯ ಹಳೆಯ ಹೆಸರು ನಾಗಲಾಪುರ. ಕೃಷ್ಣದೇವರಾಯನು ೧೫೨೦ರ ಸುಮಾರಿಗೆ ಇದನ್ನು ಕಟ್ಟಿಸಿದನು. ರಾಯನ ತಾಯಿ ನಾಗಲಾದೇವಿಯ ನೆನಪಿಗಾಗಿ ಈ ಹೆಸರು ಬಂದಿತೆಂದು ಅಲ್ಲಿಯ ಹಿರಿಯರು ಹೇಳುತ್ತಾರೆ. ಆತನಾದರೂ ಯಾವ ಜನಾಂಗದವನು? ವಂಶದಿಂದ ತುಳುವ, ಆಳಿದ್ದು ಕರ್ಣಾಟ ಸಾಮ್ರಾಜ್ಯ, ‘ಆಮುಕ್ತಮಾಲ್ಯದ’ವೆಂಬ ಮಹಾಕಾವ್ಯವನ್ನು ಬರೆದದ್ದು ತೆಲುಗಿನಲ್ಲಿ, ‘ಜಾಂಬವತೀಪರಿಣಯ’ವೆಂಬ ನಾಟಕವನ್ನು ಬರೆದದ್ದು ಸಂಸ್ಕೃತದಲ್ಲಿ. ಊರನ್ನು ಕಟ್ಟಿಸಿದವನೇ ಹೀಗೆ ನಾಲ್ಕು ಕಡೆಗೆ ಸೇರಿದವನಾದ ಮೇಲೆ ಊರು ಒಂದೇ ಕಡೆಗೆ ಸೇರುವುದೆಂತು?

ಹೊಸ ಊರಿಗೆ ನೀರು ಬೇಕು. ಸಂಡೂರಿನ ಗುಡ್ಡಸಾಲು ಮುಗಿಯುವಲ್ಲಿ ಕಣಿವೆಯ ಬಾಯಿಗೆ ಅಡ್ಡಲಾಗಿ ರಾಯನು ಒಂದು ದೊಡ್ಡ ಏರಿಯನ್ನು ಹಾಕಿಸಿದನು. ಆ ಕಾಲದಲ್ಲಿ ಇಲ್ಲಿಗೆ ಬಂದಿದ್ದ ದೊಮಿಂಗೊ ಪಾಯೆಸ್ ಎಂಬ ಪೋರ್ತುಗೀಸನು, ಹದಿನೈದು ಇಪ್ಪತ್ತು ಸಾವಿರ ಜನರು ಇರುವೆಗಳಂತೆ ಮುತ್ತಿ ಕೆಲಸಮಾಡುತ್ತಿದ್ದುದನ್ನು ಕಂಡನಂತೆ. ತರುವಾಯ ಬಂದ ನೂನಿಜನೆಂಬ ಇನ್ನೊಬ್ಬ ಪೋರ್ತುಗೀಸನು ಮತ್ತೂ ಒಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ಈ ಕೆಲಸಕ್ಕೆ ಗೋವೆಯ ಅಧಿಪತಿಯು ಜೊಆವೊ ದೆಲ್ಲಾ ಪೊಂತೆ ಎಂಬ ಕಲ್ಲುಕೆಲಸದ ನಿಪುಣನನ್ನು ಕಳುಹಿಸಿದ್ದನು. ಕೆರೆಯ ನೀರಿನಿಂದ ಸಾಗುವಳಿಯಾಗುವ ಭೂಮಿಗೆ ರಾಯನು ಒಂಬತ್ತು ವರ್ಷಗಳವರೆಗೆ ಕಂದಾಯವನ್ನು ಬಿಟ್ಟುಕೊಟ್ಟನು. ಈ ಒಂಬತ್ತು ವರ್ಷದ ಮಾತನ್ನು ಗೃಹಸ್ಥರು ಚೆನ್ನಾಗಿ ಗಮನಿಸಬೇಕು. ನೆಂಟನು ಮನೆಗೆ ಬಂದರೆ ಮೊದಲು ನೀರು ಕೊಟ್ಟು ಅನಂತರ ಬಂದ ಕಾರಣವನ್ನು ಕೇಳುವುದು ನಮ್ಮ ಪದ್ಧತಿ. ಹೊಸ ಒಕ್ಕಲಿಗೆ ಮೊದಲು ನೀರನ್ನೂ ನೆಲವನ್ನೂ ಕೊಟ್ಟು ಅನಂತರ ಕಂದಾಯ ಕೇಳುವುದು ಆ ಅರಸನ ಪದ್ಧತಿಯಾಗಿದ್ದಿತು. ಊರುಗಳು ಬೆಳೆಯುವುದು ಹೀಗೆಯೇ.

ಹೊಸಪೇಟೆಯಿಂದ ಕಮಲಾಪುರದ ದಾರಿಯಲ್ಲಿ ಅನಂತಶಯನಗುಡಿ ಸಿಕ್ಕುತ್ತದೆ. ಇದೂ ಒಂದು ಶಾಖಾನಗರವೇ. ರಾಯನು ತನ್ನ ಮಗನ ಹೆಸರಿನಲ್ಲಿ ಸಾಲೆತಿರುಮಲರಾಯಪುರವನ್ನು ಕಟ್ಟಿಸಿ, ೧೫೨೪ರಲ್ಲಿ ಈ ದೇವಾಲಯವನ್ನು ಮಾಡಿಸಿದನು. ರಾಜಧಾನಿಯ ಸುತ್ತ ಹೀಗೆ ಪುರಗಳು ಹುಟ್ಟಿದಂತೆಲ್ಲಾ ಜನರು ಬಂದು ತುಂಬಿದರು. ವಜ್ರವ್ಯಾಪಾರಕ್ಕಾಗಿ ಸಕಲ ದೇಶಗಳ ಜನರೂ ಈ ನಗರದಲ್ಲಿ ಸೇರಿದ್ದಾರೆಂದು ಪಾಯೆಸನು ಹೇಳುತ್ತಾನೆ. ನಗರದ ಅಂಚಿನಲ್ಲಿ ಮುಸಲ್ಮಾನರ ಕೇರಿಯಿತ್ತೆಂದೂ, ಅವರಲ್ಲಿ ಅನೇಕರು ಈ ನಾಡಿನಲ್ಲೇ ಹುಟ್ಟಿ ಅರಸನ ಕಾವಲುಪಡೆಯಲ್ಲಿ ಸಂಬಳ ಪಡೆಯುತ್ತಿದ್ದವರೆಂದೂ ಅವನ ಬರಹದಿಂದ ತಿಳಿಯುತ್ತದೆ.

ಈ ಮಾತಿಗೆ ಕಲ್ಲಿನ ಸಾಕ್ಷಿಯೂ ಉಂಟು. ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹಮದಖಾನನೆಂಬವನು ೧೪೩೯ರಲ್ಲಿ ಒಂದು ಮಸೀದಿಯನ್ನು ಕಟ್ಟಿಸಿದನು. ಅದರ ಶಾಸನವು ಕನ್ನಡದಲ್ಲಿದೆ. ಆ ಕಟ್ಟಡಕ್ಕೆ ಅಲ್ಲಿ ‘ಧರ್ಮಸಾಲೆ’ಯೆಂಬ ಹೆಸರು, ಅದರ ಪುಣ್ಯವು ಅರಸನಿಗೆ ಸಲ್ಲಲೆಂದು ಕಟ್ಟಿಸಿದವನ ಕೋರಿಕೆ. ಅದರ ರೂಪವಾದರೂ ಕಮಾನು ಗುಮ್ಮಟಗಳಿಲ್ಲದೆ ನಮ್ಮ ಮಂಟಪಗಳಂತೆಯೇ ಕಂಬಸಾಲಿನಿಂದ ಕೂಡಿದೆ. ಒಬ್ಬನ ಪ್ರಾರ್ಥನೆ, ಇನ್ನೊಬ್ಬನ ಪುಣ್ಯ, ಎಲ್ಲರಿಗೂ ತಿಳಿಯುವ ಭಾಷೆ!

ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯ ಪಕ್ಕದಲ್ಲಿ ಗಾಣಿಗಿತ್ತಿ ಗುಡಿಯೆಂದು ಜನರು ಕರೆಯುವ ಜಿನಾಲಯವಿದೆ. ಹರಿಹರನ ಮಂತ್ರಿಯಾದ ಇರುಗಪ್ಪ ದಂಡನಾಯಕನು ಶಕವರ್ಷ ೧೩೦೭ರಲ್ಲಿ ಕುಂಥುಜಿನನಾಥನಿಗಾಗಿ ಇದನ್ನು ಮಾಡಿಸಿದನು. ಇದೇ ಇರುಗಪ್ಪನು ಕಂಚಿಯ ಬಳಿಯ ಜಿನಾಲಯಕ್ಕೆ ಒಂದು ಸಂಗೀತಮಂಟಪವನ್ನು ಕಟ್ಟಿಸಿಕೊಟ್ಟವನು. ‘ನಾನಾರ್ಥರತ್ನಮಾಲಾ’ ಎಂಬ ಸಂಸ್ಕೃತ ನಿಘಂಟನ್ನು ರಚಿಸಿದವನು. ಜೈನರಿಗೂ ವೈಷ್ಣವರಿಗೂ ವಿವಾದ ಬಂದಾಗ ಎರಡು ದರ್ಶನಗಳಲ್ಲಿ ಭೇದವೆಣಿಸಬಾರದೆಂದು ಬುಕ್ಕರಾಯನು ೧೩೬೮ರಲ್ಲಿ ತೀರ್ಪುಕೊಟ್ಟದ್ದನ್ನು ಶ್ರವಣಬೆಳಗೊಳದ ಶಾಸನದಲ್ಲಿ ಈಗಲೂ ಓದಬಹುದು. ಆ ಕಾಲದಲ್ಲಿ ಜಗಳವೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಜಗಳವಿದ್ದುದರಿಂದಲೇ ತೀರ್ಪು ಬೇಕಾಯಿತು. ನಾನಾ ಜನರು ಒಂದೆಡೆ ಕೂಡಿ ಬಾಳುವಲ್ಲಿ ವ್ಯಾಜ್ಯವು ಬರುವುದು ಸಹಜ. ಅದನ್ನು ತೀರಿಸುವ ಬಗೆಯಲ್ಲಿ ಊರಿನ ಯೋಗ್ಯತೆ ತಿಳಿಯುತ್ತದೆ.

ಇದೇ ದಾರಿಯನ್ನು ಹಿಡಿದು ಪೂರ್ವಕ್ಕೆ ನಡೆದರೆ ತುಂಗಭದ್ರೆಯ ದಡದಲ್ಲಿ ಕಂಪ್ಲಿ. ವಿಜಯನಗರವು ಹುಟ್ಟುವ ಮೊದಲೇ ಇದು ಒಂದು ರಾಜ್ಯಕ್ಕೆ ಹೆಸರು ಕೊಟ್ಟ ಊರು. ಇಲ್ಲಿಯ ಕಂಪಿಲರಾಯನ ಕಥೆ ವಾಚಕರಿಗೆ ತಿಳಿದಿರಬಹುದು. ದಿಲ್ಲಿಯ ಸುಲ್ತಾನ ಮಹಮ್ಮದ ಬಿನ್ ತುಘಲಕನ ಮೇಲೆ ಅವನ ಬಂಧುವಾದ ಬಹಾವುದ್ದೀನ ಗುರ್ಶಾಸ್ಪನು ದಂಗೆಯೆದ್ದು, ಸೋತು, ಕಂಪಿಲರಾಯನ ಮರೆಹೊಕ್ಕನು. ಮರೆಹೊಕ್ಕವನು ಅನ್ಯಧರ್ಮದವನು, ಅನ್ಯದೇಶದವನು; ಅವನನ್ನು ಒಪ್ಪಿಸಿಬಿಟ್ಟಿದ್ದರೆ ರಾಜ್ಯವು ಉಳಿಯುತ್ತಿತ್ತೋ ಏನೋ. ರಾಯನು ಒಪ್ಪಿಸಲಿಲ್ಲ. ಕೋಟೆ ನಿಲ್ಲುವಂತಿಲ್ಲವೆಂದು ಕಂಡಾಗ ಅತಿಥಿಯನ್ನು ಹೊಯ್ಸಳರ ಬಲ್ಲಾಳನಲ್ಲಿಗೆ ಕಳುಹಿಸಿಕೊಟ್ಟು, ತಾನು ೧೩೨೭ರಲ್ಲಿ ಯುದ್ಧದಲ್ಲಿ ಮಡಿದನು. ಅವನ ಮಗ ಕುಮಾರರಾಮನನ್ನು ನಮ್ಮ ಜನರು ಇಂದಿಗೂ ವೀರನೆಂದು ಹಾಡುತ್ತಾರೆ, ಕೆಲವೆಡೆ ದೇವರೆಂದು ಪೂಜಿಸುತ್ತಾರೆ. ಮಗನ ಶೌರ್ಯವನ್ನು ಹಾಡುವವರು ತಂದೆಯ ಆ ಒಂದು ನಿಶ್ಚಯವನ್ನೂ ಮಕ್ಕಳಿಗೆ ಹೇಳಿಕೊಡಬೇಕು.

ಈಗಿನ ಕಂಪ್ಲಿಯಲ್ಲಿ ಬಾಳೆ, ಬತ್ತ, ಕಬ್ಬುಗಳ ಹಸುರು ಕಣ್ಣು ತುಂಬುತ್ತದೆ. ತುಂಗಭದ್ರೆಯ ಕಾಲುವೆಗಳಲ್ಲಿ ನೀರು ಹರಿದ ಮೇಲೆ ಆಂಧ್ರದ ಕರಾವಳಿಯಿಂದ ಬತ್ತದ ಬೇಸಾಯ ಬಲ್ಲ ರೈತರು ಸಂಸಾರಸಮೇತರಾಗಿ ಬಂದು ಈ ಸೀಮೆಯಲ್ಲೂ ನದಿಯಾಚೆಯ ಗಂಗಾವತಿ ಸಿಂಧನೂರುಗಳಲ್ಲೂ ಜಮೀನು ಕೊಂಡು ನೆಲೆಸಿದರು. ಅವರ ಬಿಡಾರಗಳಿಗೆ ‘ಕ್ಯಾಂಪು’ ಎಂದು ಹೆಸರಾಯಿತು. ಕ್ಯಾಂಪು ಎಂದರೆ ನಾಳೆ ಕಿತ್ತುಕೊಂಡು ಹೋಗುವ ಡೇರೆ. ಆ ಡೇರೆಗಳು ತಾರಸಿಯ ಮನೆಗಳಾಗಿ, ಮಕ್ಕಳು ಮೊಮ್ಮಕ್ಕಳಾಗಿ ಎಷ್ಟೋ ಕಾಲವಾಯಿತು. ಹೆಸರು ಮಾತ್ರ ಕ್ಯಾಂಪೆಂದೇ ಉಳಿಯಿತು. ನಾಡು ಒಬ್ಬನನ್ನು ಒಳಕ್ಕೆ ಕರೆದುಕೊಂಡ ಮೇಲೂ ಮಾತು ಅವನನ್ನು ಬಹಳ ಕಾಲ ಹೊಸಿಲಿನಲ್ಲಿ ನಿಲ್ಲಿಸಿರುತ್ತದೆ.

ಇನ್ನು ದಕ್ಷಿಣಕ್ಕೆ ತಿರುಗಿ ಸಂಡೂರಿಗೆ ಬರೋಣ. ಸುತ್ತಲೂ ಗುಡ್ಡ, ನಡುವೆ ಊರು; ಮಳೆಗಾಲ ಕಳೆದ ಮೇಲೆ ನೋಡಬೇಕು ಆ ಸೊಬಗನ್ನು. ಬೇಡರ ನಾಯಕನ ಕೈಯಲ್ಲಿದ್ದ ಈ ಸ್ಥಳವನ್ನು ಸಿದ್ದೋಜಿ ಘೋರ್ಪಡೆ ಎಂಬ ಮರಾಠಾ ಸರದಾರನು ೧೭೨೮ರಲ್ಲಿ ಗೆದ್ದುಕೊಂಡನು. ಅಂದಿನಿಂದ ೧೯೪೯ರಲ್ಲಿ ಮದರಾಸು ಪ್ರಾಂತದಲ್ಲಿ ಸೇರುವವರೆಗೆ, ನಡುವೆ ಹೈದರ್ ಟಿಪ್ಪುಗಳ ಕಾಲವೊಂದನ್ನು ಬಿಟ್ಟರೆ, ಕನ್ನಡ ಸೀಮೆಯ ನಡುವೆ ಇದೊಂದು ಪುಟ್ಟ ಮರಾಠಾ ಸಂಸ್ಥಾನವಾಗಿದ್ದಿತು. ಅರಮನೆಯ ಮಾತು ಮರಾಠಿ, ಪೇಟೆಯ ಮಾತು ಕನ್ನಡ. ಗುಡ್ಡದ ಮೇಲಿನ ಕುಮಾರಸ್ವಾಮಿ ಮಾತ್ರ ಇಬ್ಬರಿಗೂ ದೇವರು. ಆ ದೇವಾಲಯವು ಘೋರ್ಪಡೆಯವರಿಗಿಂತ ಎಷ್ಟೋ ಶತಮಾನ ಹಿಂದಿನದು. ಸಂಸ್ಥಾನದ ಅರಸರು ಕಳೆದ ಶತಮಾನದ ಮೂವತ್ತರ ದಶಕದಲ್ಲಿ ಅದರ ಬಾಗಿಲನ್ನು ಹರಿಜನರಿಗೆ ತೆರೆಯಿಸಿದರು. ೧೯೩೪ರಲ್ಲಿ ಸಂಡೂರಿಗೆ ಬಂದ ಮಹಾತ್ಮಾ ಗಾಂಧಿಯವರಿಗೆ ಇದರಿಂದ ಬಹಳ ಸಂತೋಷವಾಯಿತು. ದೂರದೇಶದ ವರ್ತಕನನ್ನು ಪೇಟೆಯ ನಡುವೆ ಕೂರಿಸಿ, ತಮ್ಮ ಹೊಲವನ್ನೇ ಉತ್ತವನನ್ನು ಊರ ಹೊರಗೆ ಇರಿಸಿದುದು ನಮ್ಮ ಸೀಮೆಯ ದೊಡ್ಡ ಕಳಂಕ. ಪರಜನರನ್ನು ಆದರಿಸಿದ ಕಥೆಗಳನ್ನು ಹೇಳುವಾಗ ಇದನ್ನು ಮುಚ್ಚಿಡುವುದು ಧರ್ಮವಲ್ಲ.

ಸಂಡೂರಿನ ಸುತ್ತ ಲಂಬಾಣಿಗರ ತಾಂಡಗಳು ಬಹಳ. ಇವರ ಪೂರ್ವಿಕರು ಎತ್ತುಗಳ ಮೇಲೆ ಧಾನ್ಯ ಉಪ್ಪುಗಳನ್ನು ಹೇರಿಕೊಂಡು, ಉತ್ತರದೇಶದ ಸೈನ್ಯಗಳಿಗೆ ಸಾಮಗ್ರಿ ಒದಗಿಸುತ್ತಾ ದಕ್ಷಿಣಕ್ಕೆ ಇಳಿದುಬಂದವರು. ರೈಲೂ ರಸ್ತೆಯೂ ಬಂದು ಎತ್ತಿನ ಹೇರಿಗೆ ಬೆಲೆಯಿಲ್ಲದಂತಾದಾಗ ತಾಂಡಗಳಲ್ಲಿ ನೆಲೆಸಿ, ಕಾಡು ಹೊಲಗಳ ಕೂಲಿಯಲ್ಲಿ ದಿನ ಕಳೆದರು. ಮನೆಯೊಳಗೆ ಇಂದಿಗೂ ಅವರದೇ ಮಾತು. ಕನ್ನಡಿಯ ಬಿಲ್ಲೆ, ಕವಡೆಗಳನ್ನು ಸೇರಿಸಿ ಬಣ್ಣದ ನೂಲಿನಿಂದ ಹೆಂಗಸರು ಹಾಕುವ ಕಸೂತಿಯು ಹಿಂದೆ ಅವರ ಮೈಮೇಲಷ್ಟೇ ಇತ್ತು. ಈಗ ಅದು ‘ಸಂಡೂರು ಲಂಬಾಣಿ ಕಸೂತಿ’ ಎಂಬ ಹೆಸರಿನಿಂದ ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿದೆ. ೨೦೨೩ರ ಜುಲೈಯಲ್ಲಿ ಹಂಪೆಯಲ್ಲಿ ನಾನಾ ರಾಷ್ಟ್ರಗಳ ಪ್ರತಿನಿಧಿಗಳು ಸೇರಿದಾಗ ಸಂಡೂರಿನ ಹೆಂಗಸರ ಕೈಕೆಲಸದ ೧,೭೫೫ ವಸ್ತುಗಳನ್ನು ಒಟ್ಟಿಗೆ ಜೋಡಿಸಿಟ್ಟಿದ್ದು ಗಿನ್ನೆಸ್ ದಾಖಲೆಯಾಯಿತು. ಸೈನ್ಯದ ಹಿಂದೆ ನಡೆದುಬಂದವರ ಮೊಮ್ಮಕ್ಕಳು ಕೊನೆಗೆ ಊರಿನ ಹೆಸರನ್ನೇ ಲೋಕಕ್ಕೆ ಹೊತ್ತುಕೊಂಡು ಹೋದರು.

ಇದೇ ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರನ್ನು ಕೇಳಿದ ಪುಣ್ಯವಂತರು ನಮ್ಮ ವಾಚಕರಲ್ಲಿ ಇರಬಹುದು. ಅವರು ಬುಡ್ಗಜಂಗಮರೆಂಬ ಅಲೆಮಾರಿ ಕುಲದವರು, ಮನೆಮಾತು ತೆಲುಗು. ಅಕ್ಷರವನ್ನು ಕಲಿಯದಿದ್ದರೂ ಎಷ್ಟೋ ಮಹಾಕಥೆಗಳನ್ನು ಬಾಯಲ್ಲೇ ಇಟ್ಟುಕೊಂಡು ರಾತ್ರಿಯೆಲ್ಲಾ ಕನ್ನಡದಲ್ಲಿ ಹಾಡಬಲ್ಲವರಾಗಿದ್ದರು. ಹಂಪೆಯ ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಪದವಿಯನ್ನು ಕೊಟ್ಟು ಗೌರವಿಸಿತು. ಅವರು ೨೦೧೪ರಲ್ಲಿ ತೀರಿಕೊಂಡರು. ಅಲೆಮಾರಿಯ ನಾಲಗೆಯಲ್ಲಿ ಕನ್ನಡವು ಹೀಗೆ ಮನೆಮಾಡಿಕೊಂಡಿದ್ದಿತು.

ಹೊಸಪೇಟೆಗೆ ಮರಳಿ ಬರುತ್ತೇನೆ. ೧೮೦೦ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಮೇಲೆ ಇದು ಮದರಾಸಿಗೆ ಸೇರಿತು. ೧೯೪೫ರಲ್ಲಿ ತುಂಗಭದ್ರೆಗೆ ಅಣೆಕಟ್ಟಿನ ಕೆಲಸ ಆರಂಭವಾದಾಗ ಊರಿನ ಪಕ್ಕದಲ್ಲಿ ಮತ್ತೊಂದು ಶಾಖಾನಗರವೆದ್ದಿತು, ‘ಟಿ.ಬಿ. ಡ್ಯಾಂ’ ಎಂದೇ ಅದನ್ನು ಜನರು ಕರೆಯುತ್ತಾರೆ. ಮದರಾಸಿನ ಕಡೆಯ ಕೆಲಸವನ್ನು ನಡೆಸಿದ ಮುಖ್ಯ ಇಂಜಿನಿಯರು ತಿರುಮಲೆ ಅಯ್ಯಂಗಾರರು. ಅವರೊಡನೆ ತಮಿಳರು, ತೆಲುಗರು, ನದಿಯ ಆಚೆಯ ಹೈದರಾಬಾದು ಸಂಸ್ಥಾನದ ಉರ್ದುಭಾಷಿಗಳು ಬಂದು ಸೇರಿದರು. ಅತ್ತ ತೊಂಬತ್ತರಷ್ಟು ಹಳ್ಳಿಗಳು ನೀರಿನಲ್ಲಿ ಮುಳುಗಿ, ತಲೆತಲಾಂತರದಿಂದ ಅಲ್ಲೇ ಇದ್ದವರು ಗಂಟುಮೂಟೆ ಕಟ್ಟಬೇಕಾಯಿತು. ನಾರಾಯಣದೇವರಕೆರೆಯವರು ಮರಿಯಮ್ಮನಹಳ್ಳಿಗೆ ಬಂದರು. ಹೀಗೆ ಒಂದೇ ಕಟ್ಟೆಯು ದೂರದವರನ್ನು ಊರಿಗೆ ತಂದಿತು, ಊರಿನವರನ್ನು ನೆಲೆಯಿಂದ ಎಬ್ಬಿಸಿತು. ಮೂಲನಿವಾಸಿ ಯಾರು, ವಲಸೆಗಾರ ಯಾರು ಎಂದು ಗೆರೆಯೆಳೆಯ ಹೊರಟವನಿಗೆ ಇಲ್ಲಿ ಕೈ ನಡುಗುತ್ತದೆ.

೧೯೫೩ರಲ್ಲಿ ಸರ್ಕಾರವೇ ಅಂಥ ಗೆರೆಯನ್ನು ಎಳೆಯಬೇಕಾಯಿತು. ಆಂಧ್ರರಾಜ್ಯವು ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು. ಹೊಸಪೇಟೆ ಸಂಡೂರುಗಳು ಮೈಸೂರಿಗೆ ಬಂದವು. ಭಾಷೆಯ ಮೇಲೆ ನಾಡು ಕಟ್ಟಿದ್ದು ನ್ಯಾಯವಾದ ಕಾರ್ಯವೇ. ಕನ್ನಡಿಗರು ಅದಕ್ಕಾಗಿ ಪಟ್ಟ ಕಷ್ಟ ಸಣ್ಣದಲ್ಲ. ಆದರೆ ನಕ್ಷೆಯ ಮೇಲಿನ ಗೆರೆಯು ಅಡಿಗೆಯ ಮನೆಯೊಳಗೆ ಹೋಗಲಾರದು.

೨೦೧೧ರ ಜನಗಣತಿಯಲ್ಲಿ ಹೊಸಪೇಟೆಯ ಜನಸಂಖ್ಯೆಯು ಎರಡು ಲಕ್ಷವನ್ನು ಮೀರಿತ್ತು. ಆ ಗಣತಿಯಲ್ಲಿ ಇತರ ಉಪಾಧ್ಯಾಯರಂತೆ ನಾನೂ ಮನೆಮನೆಗೆ ಹೋಗಿ ಬರೆದುಕೊಂಡವನು. ಪತ್ರದಲ್ಲಿ ಮಾತೃಭಾಷೆಗೆ ಒಂದು ಮನೆ. ತಿಳಿದ ಇತರ ಭಾಷೆಗಳಿಗೆ ಎರಡು ಸ್ಥಳ. ಒಬ್ಬ ಗೃಹಿಣಿಯನ್ನು ಮಾತೃಭಾಷೆ ಯಾವುದೆಂದು ಕೇಳಿದೆನು. ಆಕೆ, “ನಮ್ಮವ್ವಂದು ತೆಲುಗು, ನಮ್ಮತ್ತೀದು ಕನ್ನಡ. ಮಕ್ಕಳನ್ನ ಬೈಯೋದು ಎರಡರಾಗೂ ಬೈತೀನಿ. ನೀವೇ ಒಂದು ಬರಕೊಳ್ರಿ ಮೇಷ್ಟ್ರೇ” ಎಂದು ನಕ್ಕಳು. ತಾಯಿಯ ಭಾಷೆ ಮಾತೃಭಾಷೆಯೆಂಬುದು ವ್ಯಾಕರಣ. ತಾಯಿಯಾಗಿ ಆಕೆಯೇ ಆಡುವ ಭಾಷೆಗೆ ಏನೆಂದು ಹೆಸರು? ಮೂರು ಸಾಲು ಹತ್ತದ ಆ ಪತ್ರದಲ್ಲಿ ಉತ್ತರಕ್ಕೆ ಎಡೆಯಿರಲಿಲ್ಲ. ಆಕೆ ಕೊನೆಗೆ ಕನ್ನಡವೆಂದು ಹೇಳಿದಳು. ನಾನು ಹಾಗೆಯೇ ಬರೆದೆನು. ಪಕ್ಕದ ಮನೆಯವರು ಉರ್ದುವೆಂದು ಬರೆಸಿ, ಅಚ್ಚ ಕನ್ನಡದಲ್ಲಿಯೇ ನನಗೆ ಮಜ್ಜಿಗೆ ಬೇಕೇ ಎಂದು ಕೇಳಿದರು. ಮೊಹರಮ್ಮಿನಲ್ಲಿ ಪೀರಲ ದೇವರು ಹೊರಟಾಗ ಆ ಎರಡೂ ಮನೆಯವರು ಒಂದೇ ಬೀದಿಯಲ್ಲಿ ನಿಂತು ಕೈಮುಗಿಯುತ್ತಾರೆ. ಬಳ್ಳಾರಿ ಸೀಮೆಯ ಹಳ್ಳಿಹಳ್ಳಿಯಲ್ಲೂ ಈ ರೂಢಿಯನ್ನು ಕಾಣಬಹುದು.

ಆ ವರ್ಷದ ಜುಲೈ ತಿಂಗಳಲ್ಲಿಯೇ ಹಂಪೆಯಲ್ಲಿ ಇನ್ನೊಂದು ಘಟನೆ ನಡೆಯಿತು. ವಿರೂಪಾಕ್ಷನ ರಥಬೀದಿಯ ಇಕ್ಕೆಲಗಳ ಕಲ್ಲುಮಂಟಪಗಳಲ್ಲಿ ಅಂಗಡಿ ಮನೆಗಳನ್ನು ಮಾಡಿಕೊಂಡು ಹತ್ತಾರು ವರ್ಷಗಳಿಂದ ಬದುಕಿದ್ದ ಜನರನ್ನು ಸ್ಮಾರಕಗಳ ರಕ್ಷಣೆಗಾಗಿ ತೆರವುಮಾಡಿಸಲಾಯಿತು. ೧೯೮೬ರಲ್ಲಿ ಹಂಪೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದಿತಷ್ಟೆ. ಸ್ಮಾರಕವನ್ನು ಕಾಪಾಡಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಪೇಟೆಯೆಂಬುದು ಕಂಬಗಳ ಸಾಲೋ ಅಥವಾ ಕೊಳ್ಳುವ ಮಾರುವ ಜನರೋ ಎಂಬುದನ್ನು ವಿಚಾರಮಾಡಬೇಕಾಗಿದೆ. ಪಾಯೆಸನು ಹೊಗಳಿದ್ದು ಜನರು ಕಿಕ್ಕಿರಿದ ಬೀದಿಯನ್ನು. ಈಗ ಅದು ಶುಚಿಯಾಗಿ, ಶಾಂತವಾಗಿ, ಬರಿದಾಗಿ ಇದೆ.

ಎಬ್ಬಿಸಿದವರಿಗೆ ಕಡ್ಡಿರಾಂಪುರದಲ್ಲಿ ನಿವೇಶನಗಳನ್ನು ಕೊಟ್ಟರು. ಹೊಸಪೇಟೆಗೂ ಹಂಪೆಗೂ ನಡುವೆ ಇರುವ ಈ ಊರಿನಲ್ಲಿ ವಿಜಯನಗರದ ಕಾಲದ ಮುಸಲ್ಮಾನರ ಎರಡು ಗುಮ್ಮಟದ ಗೋರಿಗಳು ಇಂದಿಗೂ ನಿಂತಿವೆ. ಅಂದು ದೂರದಿಂದ ಬಂದವರು ಮಣ್ಣಾದ ಸ್ಥಳದಲ್ಲಿಯೇ ಇಂದು ಹತ್ತಿರದಿಂದ ಬಂದವರು ಮನೆ ಹೂಡಬೇಕಾಯಿತು. ಅಲ್ಲಿ ಜಗಲಿಯ ಮೇಲೆ ಹೂ ಕಟ್ಟುತ್ತಿದ್ದ ಮುದುಕಿಯೊಬ್ಬಳನ್ನು, “ಯಾವ ಊರು ತಾಯಿ ನಿಮ್ಮದು?” ಎಂದು ವಿಚಾರಿಸಿದೆನು. “ಕಾಗದದಾಗ ಕಡ್ಡಿರಾಂಪುರ ಸ್ವಾಮಿ. ಯಾರನ್ನ ಕೇಳಿದ್ರೂ ಹಂಪಿ ಅಂತಾನೇ ಬಾಯಿಗೆ ಬರತೈತಿ. ಮೊಮ್ಮಕ್ಕಳು ಇಲ್ಲೇ ಹುಟ್ಯಾವು, ಅವು ಕಡ್ಡಿರಾಂಪುರದವು” ಎಂದಳು. ಮೂರು ತಲೆಮಾರುಗಳಲ್ಲಿ ಆಗುವುದೆಲ್ಲವೂ ಅವಳ ಆ ಮಾತಿನಲ್ಲಿ ಅಡಗಿದೆ.

ನಮ್ಮ ಹಳೆಯ ಶಾಸನಗಳಲ್ಲಿ ವರ್ತಕಸಂಘಗಳನ್ನು ಹೊಗಳುವಾಗ ಸ್ವದೇಶಿ, ಪರದೇಶಿ, ನಾನಾದೇಶಿ ಎಂಬ ಮಾತುಗಳು ಬರುತ್ತವೆ. ಪರದೇಶಿಯೆಂದರೆ ಆಗ ಗೌರವದ ಬಿರುದು. ಅವನು ಬಂದರೆ ಪೇಟೆಗೆ ಕಳೆ. ಈಗ ನಮ್ಮ ಮನೆಗಳಲ್ಲಿ ಪರದೇಶಿಯೆಂದರೆ ಹಿಂದುಮುಂದಿಲ್ಲದ ಅನಾಥ. ಶಬ್ದವು ಬದಲಾಗಲಿಲ್ಲ, ಅದನ್ನು ಆಡುವವರ ಮನಸ್ಸು ಬದಲಾಯಿತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ದುಡಿಮೆಗಾಗಿ ಉತ್ತರದ ಪ್ರಾಂತಗಳಿಂದ ಬಂದ ತರುಣರು ರಜೆಯ ದಿನ ಹೊಸಪೇಟೆಯ ಬಜಾರಿನಲ್ಲಿ ತಿರುಗಾಡುವುದನ್ನು ಕಂಡೆನು. ಅವರನ್ನು ಯಾವ ಅರ್ಥದಲ್ಲಿ ಪರದೇಶಿಯೆನ್ನಬೇಕೆಂಬುದನ್ನು ಆ ಊರಿನವರು ಇನ್ನು ಮೇಲೆ ನಿಶ್ಚಯಿಸಬೇಕಾಗಿದೆ. ೨೦೨೧ರಲ್ಲಿ ಹೊಸಪೇಟೆಯನ್ನು ಮುಖ್ಯಸ್ಥಳವಾಗಿ ಮಾಡಿ ವಿಜಯನಗರ ಜಿಲ್ಲೆಯನ್ನು ರಚಿಸಿದರು. ಶಾಖೆಯೇ ಈಗ ಮೂಲವಾಯಿತು. ಮೂಲನಗರದ ಹೆಸರನ್ನು ಹೊತ್ತವರು ಅದರ ನಡೆವಳಿಕೆಯನ್ನೂ ಹೊರುವುದು ಯುಕ್ತ.

ಮುಂದಿನ ರಜೆಯಲ್ಲಿ ಹಂಪೆಗೆ ಹೊರಡುವ ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ. ಹೊಸಪೇಟೆಯಲ್ಲಿ ಒಂದು ಹಗಲು ನಿಲ್ಲಿರಿ. ಒಗ್ಗರಣೆ ಮಂಡಕ್ಕಿ ಮೆಣಸಿನಕಾಯಿಗಳನ್ನು ಕೊಡುವವನನ್ನೋ, ಬಾಳೆಹಣ್ಣು ಮಾರುವವಳನ್ನೋ, ಆಟೋ ನಡೆಸುವವನನ್ನೋ ನಿಮ್ಮ ಹಿರಿಯರು ಯಾವ ಊರಿನವರೆಂದು ವಿನಯದಿಂದ ಕೇಳಿರಿ. ಮಕ್ಕಳು ಜೊತೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಮನೆಗೆ ಬಂದ ಮೇಲೆ ಅವರು ಅದೇ ಪ್ರಶ್ನೆಯನ್ನು ಅಜ್ಜಿಯನ್ನು ಕೇಳುತ್ತಾರೆ.